ಚಿನ್ನದ ಊರಿನ ಎರಡು ಕಥೆಗಳು: ಜನಪ್ರಿಯ ಸಂಸ್ಕೃತಿ ಮತ್ತು ಯುವಜನರ ನಿತ್ಯದ ಆಯ್ಕೆಗಳು

ಯಾವ ಉಡುಪು ಚೆಂದ, ಯಾವ ಮಾತು ಗತ್ತಿನದು, ಯಾವ ಕೆಲಸ ಗೌರವದ್ದು, ಯಾರಂತೆ ಬಾಳಬೇಕು ಎಂಬ ಸಂಗತಿಗಳನ್ನು ಹಿಂದಿನ ತಲೆಮಾರಿನವರು ಬಹುಮಟ್ಟಿಗೆ ಮನೆ, ಕೇರಿ, ಶಾಲೆ, ಜಾತ್ರೆಗಳಿಂದ ಕಲಿಯುತ್ತಿದ್ದರು. ಇಂದು ಅದೇ ಪಾಠವನ್ನು ಚಲನಚಿತ್ರ, ಧಾರಾವಾಹಿ, ಕ್ರಿಕೆಟ್, ಜಾಹೀರಾತು ಹಾಗೂ ಅಂಗೈಯಲ್ಲಿನ ಮೊಬೈಲ್ ಹೇಳಿಕೊಡುತ್ತಿವೆ. ಬಹುಜನರು ಒಟ್ಟಾಗಿ ನೋಡಿ, ಕೇಳಿ, ಮೆಚ್ಚಿ, ಅನುಕರಿಸುವ ಇವೆಲ್ಲವನ್ನೂ ಸೇರಿಸಿ ಜನಪ್ರಿಯ ಸಂಸ್ಕೃತಿ ಎಂದು ಕರೆಯುತ್ತೇವೆ. ಅದು ಕೇವಲ ಮನರಂಜನೆ ಎಂದು ಭಾವಿಸಿ ಸುಮ್ಮನಾಗುವವರಿದ್ದಾರೆ. ಅದೇ ಎಲ್ಲ ಕೇಡಿಗೂ ಮೂಲವೆಂದು ಹಳಿಯುವವರೂ ಇದ್ದಾರೆ. ಅದು ಎಳೆಯರ ಮನಸ್ಸಿನ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸಮಾಧಾನದಿಂದ ಅರಿಯುವ ಪ್ರಯತ್ನ ಮಾತ್ರ ಕಡಿಮೆ.

ಈ ಅರಿವಿಗೆ ಕರ್ನಾಟಕದಲ್ಲಿ ಕೋಲಾರದ ಚಿನ್ನದ ಗಣಿ ಪ್ರದೇಶ ಹಾಗೂ ಅದರ ನೆರೆಯ ಬಂಗಾರಪೇಟೆಗಿಂತ ಒಳ್ಳೆಯ ನಿದರ್ಶನ ಸಿಗಲಾರದು. ಏಕೆಂದರೆ ಅಲ್ಲಿನ ಯುವಕ-ಯುವತಿಯರು ಯಾವುದೋ ದೂರದ ಕಥೆಯಿಂದಲ್ಲ, ತಮ್ಮ ಊರಿನ ಹೆಸರನ್ನೇ ಹೊತ್ತ ಕಥೆಯೊಂದರಿಂದ ಪ್ರಭಾವಿತರಾಗಿದ್ದಾರೆ.

ರೈಲು ಬೆಸೆದ ಎರಡು ಊರುಗಳು

1875ರಲ್ಲಿ ಮೈಕೆಲ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ ಇಲ್ಲಿ ಗಣಿ ಶೋಧಕ್ಕೆ ಪರವಾನಗಿ ಪಡೆದನು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಗಣಿಗಾರಿಕೆ ಭರದಿಂದ ಬೆಳೆಯಿತು. ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಮಾರಿಕುಪ್ಪಂ ಎಂಬ ಹೆಸರುಗಳು ಜಗತ್ತಿನ ಗಣಿ ಭೂಪಟದಲ್ಲಿ ಸೇರಿದವು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ತಂತಿಯ ಮೂಲಕ ಈ ಗಣಿಗಳನ್ನು ತಲುಪಿತು. ನಾಡಿನ ಬಹುತೇಕ ಪಟ್ಟಣಗಳು ಇನ್ನೂ ಎಣ್ಣೆ ದೀಪದಲ್ಲಿದ್ದ ಕಾಲವದು.

ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೆಂಥಾಂ ಬೌರಿಂಗ್ ಅವರ ಹೆಸರಿನಿಂದ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಊರು ಇಂದಿನ ಬಂಗಾರಪೇಟೆ. ಬೆಂಗಳೂರು–ಚೆನ್ನೈ ರೈಲು ಮಾರ್ಗದ ಈ ಜಂಕ್ಷನ್ನಿನಿಂದ ಮಾರಿಕುಪ್ಪಂವರೆಗೆ ಕವಲು ಹಳಿಯೊಂದು ಹೋಗುತ್ತದೆ. ಗಣಿಗೆ ಬೇಕಾದ ಯಂತ್ರ, ಜನ, ಧಾನ್ಯ ಎಲ್ಲವೂ ಆ ಹಳಿಯ ಮೇಲೆಯೇ ಬಂದವು. ಮದರಾಸು ಪ್ರಾಂತದ ಉತ್ತರ ಆರ್ಕಾಟ್ ಕಡೆಯ ಬಡ ಕುಟುಂಬಗಳು, ಬಹುಪಾಲು ದಲಿತರು, ಊರಿನ ಜಾತಿಯ ಬಿಗಿಯಿಂದಲೂ ಹಸಿವಿನಿಂದಲೂ ಪಾರಾಗಲು ಇಲ್ಲಿಗೆ ಬಂದು ನೆಲೆಸಿದವು. ಒಂದು ಕಾಲಕ್ಕೆ 30 ಸಾವಿರಕ್ಕೂ ಹೆಚ್ಚು ಕಾರ್ಮಿಕರು ದುಡಿದ ಈ ನೆಲದಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು, ಇಂಗ್ಲಿಷ್ ಒಂದೇ ಬೀದಿಯಲ್ಲಿ ಕೇಳಿಬರುತ್ತಿದ್ದವು.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅಂದಿನಿಂದ ಆ ಹಳಿಯ ಮೇಲೆ ಚಲನೆಯ ದಿಕ್ಕು ಬದಲಾಯಿತು. ಹಿಂದೆ ಕೆಲಸ ಹುಡುಕಿ ಜನರು ಗಣಿಯತ್ತ ಬರುತ್ತಿದ್ದರೆ, ಈಗ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ನಸುಕಿನಲ್ಲೆದ್ದು ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಹೋಗಿಬರುವ ಈ ಗಂಟೆಗಳಲ್ಲಿ ಅವರ ಸಂಗಾತಿ ಮೊಬೈಲ್ ಪರದೆ. ಜನಪ್ರಿಯ ಸಂಸ್ಕೃತಿ ಇಂದಿನ ಯುವಕನನ್ನು ಭೇಟಿಯಾಗುವುದು ಚಿತ್ರಮಂದಿರದಲ್ಲಿ ಮಾತ್ರವಲ್ಲ. ಇಂಥ ದಣಿದ, ಬಿಡುವಿನ ಹೊತ್ತಿನಲ್ಲಿ.

ಪರದೆಯ ಗಣಿ, ನೆಲದ ಗಣಿ

2018ರ ಡಿಸೆಂಬರ್ 21ರಂದು ಪ್ರಶಾಂತ್ ನೀಲ್ ನಿರ್ದೇಶನದ, ಯಶ್ ನಾಯಕರಾಗಿ ನಟಿಸಿದ ‘ಕೆ.ಜಿ.ಎಫ್’ ಚಿತ್ರದ ಮೊದಲ ಭಾಗ ಐದು ಭಾಷೆಗಳಲ್ಲಿ ತೆರೆಕಂಡಿತು. 2022ರ ಏಪ್ರಿಲ್ 14ರಂದು ಎರಡನೆಯ ಭಾಗ ಬಂದಿತು. ಅದರ ಗಳಿಕೆ ಸಾವಿರ ಕೋಟಿ ರೂಪಾಯಿಯನ್ನು ದಾಟಿತು. ಕನ್ನಡ ಚಿತ್ರವೊಂದು ದೇಶದ ಮೂಲೆಮೂಲೆಗೆ ತಲುಪಿದ್ದು ಅಭಿಮಾನದ ಸಂಗತಿ. ಚಿತ್ರದ ಕೆಲವು ಭಾಗಗಳ ಚಿತ್ರೀಕರಣ ಇಲ್ಲಿನ ಸೈನೈಡ್ ದಿಬ್ಬಗಳಲ್ಲೇ ನಡೆಯಿತು. ಎರಡು ದಶಕಗಳಿಂದ ‘ಮುಚ್ಚಿಹೋದ ಊರು’ ಎಂದೇ ಗುರುತಿಸಿಕೊಂಡಿದ್ದ ಪಟ್ಟಣದ ಮಕ್ಕಳಿಗೆ ತಮ್ಮೂರಿನ ಹೆಸರು ಹೇಳುವಾಗ ಎದೆಯುಬ್ಬುವಂತಾಯಿತು. ಈ ಸಂತೋಷವನ್ನು ನಾವು ಕಡೆಗಣಿಸಬಾರದು.

ಆದರೆ ಆ ಚಿತ್ರ ಕಟ್ಟಿಕೊಡುವ ಗಣಿ ಕಲ್ಪನೆಯದು. ಅಲ್ಲಿ ನರಾಚಿ ಎಂಬ ಗುಪ್ತ ಗಣಿಯಿದೆ. ಜೀತದಾಳುಗಳಂತೆ ಬದುಕುವ ಸಾವಿರಾರು ಜನರಿದ್ದಾರೆ. ಬಡತನದಲ್ಲಿ ಹುಟ್ಟಿ, ಸಿರಿವಂತನಾಗಿಯೇ ಸಾಯಬೇಕೆಂದು ತಾಯಿಗೆ ಮಾತು ಕೊಟ್ಟ ಒಬ್ಬ ನಾಯಕ ಬಲಪ್ರಯೋಗದಿಂದ ಚಿನ್ನಕ್ಕೆ ಒಡೆಯನಾಗುತ್ತಾನೆ. ಕಥೆ ನಡೆಯುವುದು ಮುಖ್ಯವಾಗಿ 1970 ಮತ್ತು 1980ರ ದಶಕಗಳಲ್ಲಿ.

ಅದೇ ಕಾಲದ ನಿಜವಾದ ಗಣಿ ಬೇರೆಯೇ ಆಗಿತ್ತು. 1956ರಲ್ಲಿ ಮೈಸೂರು ರಾಜ್ಯ ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಮುಂದೆ ಅವು ಕೇಂದ್ರದ ಅಧೀನಕ್ಕೆ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಾರ್ವಜನಿಕ ಉದ್ಯಮ ರೂಪುಗೊಂಡಿತು. ಅಲ್ಲಿ ಕಾರ್ಮಿಕ ಸಂಘಗಳಿದ್ದವು, ಆಸ್ಪತ್ರೆಯಿತ್ತು, ಶಾಲೆಗಳಿದ್ದವು, ಸಂಬಳದ ಚೀಟಿಯಿತ್ತು. ಇವು ಯಾವೊಬ್ಬ ವೀರನ ಕೊಡುಗೆಯಲ್ಲ. ಬ್ರಿಟಿಷ್ ಆಡಳಿತದ ಕಾಲದಲ್ಲಿಯೇ, 1930ರಲ್ಲಿ, ಬೆರಳಚ್ಚು ನೀಡಬೇಕೆಂಬ ನಿಯಮ ತಮ್ಮ ಮಾನಕ್ಕೆ ಕುಂದೆಂದು ಭಾವಿಸಿ ಸಾವಿರಾರು ಗಣಿ ಕಾರ್ಮಿಕರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದ್ದರು. ಒಗ್ಗಟ್ಟಿನಿಂದ, ತಾಳ್ಮೆಯಿಂದ, ತಲೆಮಾರುಗಳ ಉದ್ದಕ್ಕೆ ಪಡೆದ ಹಕ್ಕುಗಳವು.

ಕಷ್ಟವೇ ಇರಲಿಲ್ಲವೆಂದಲ್ಲ. ಚಾಂಪಿಯನ್ ರೀಫ್ ಗಣಿ ನೆಲದಿಂದ 3 ಕಿಲೋಮೀಟರಿಗೂ ಆಳಕ್ಕಿಳಿದಿತ್ತು. ಆ ಆಳದಲ್ಲಿ ಬಂಡೆಯ ತಾಪ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಒತ್ತಡದಿಂದ ಬಂಡೆ ಸಿಡಿದು ಅನೇಕರು ಜೀವ ತೆತ್ತರು. ಕಲ್ಲಿನ ದೂಳು ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ರೋಗದಿಂದ ನರಳಿದವರ ಮನೆಗಳು ಇಂದಿಗೂ ಅಲ್ಲಿವೆ. ಸುಮಾರು 120 ವರ್ಷಗಳಲ್ಲಿ ಈ ನೆಲ 800 ಟನ್ನಿಗೂ ಹೆಚ್ಚು ಚಿನ್ನ ನೀಡಿತು. ಅದನ್ನು ಮೇಲೆತ್ತಿದ ಕೈಗಳಿಗೆ ಅದರಲ್ಲಿ ಉಳಿದದ್ದು ಅಲ್ಪ.

ಇದೇ ಗಣಿಯ ಇನ್ನೊಂದು ಹಿರಿಮೆಯನ್ನೂ ನಮ್ಮ ಮಕ್ಕಳು ತಿಳಿದಿರುವುದು ವಿರಳ. ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣಗಳು ಬಹುತೇಕ ಎಲ್ಲ ವಸ್ತುಗಳನ್ನೂ ತೂರಿ ಹೋಗುತ್ತವೆ. ಅವುಗಳನ್ನು ಗುರುತಿಸಬೇಕಾದರೆ ಬೇರೆ ಕಿರಣಗಳು ತಲುಪದಷ್ಟು ಆಳ ಬೇಕು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ ಹಾಗೂ ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯಗಳ ತಜ್ಞರೊಡನೆ ಈ ಗಣಿಯ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವನ್ನು ಪತ್ತೆಮಾಡಿದರು. ಜಗತ್ತಿನಲ್ಲಿ ಅಂಥ ಮೊದಲ ಪತ್ತೆಗಳಲ್ಲಿ ಅದೂ ಒಂದು. ನಂಜನಗೂಡಿನಲ್ಲಿ ಜನಿಸಿದ ಬಿ.ವಿ. ಶ್ರೀಕಂಠನ್ ಅವರು ಇಲ್ಲಿನ ಪ್ರಯೋಗಗಳ ಪ್ರಮುಖರಲ್ಲೊಬ್ಬರು. ವಿಜ್ಞಾನಿಯ ಉಪಕರಣವನ್ನು ಆ ಕತ್ತಲೆಗೆ ಇಳಿಸಿದ ದಾರಿ ಗಣಿ ಕಾರ್ಮಿಕ ಕೊರೆದ ದಾರಿಯೇ.

ಹೀಗೆ ಒಂದೇ ಊರಿಗೆ ಎರಡು ಕಥೆಗಳು. ಒಂದರಲ್ಲಿ ಚಿನ್ನವನ್ನು ಗೆದ್ದವನು ದೊಡ್ಡವನು. ಇನ್ನೊಂದರಲ್ಲಿ ಚಿನ್ನವನ್ನು ಅಗೆದವರು ದೊಡ್ಡವರು. ಮೊದಲನೆಯದನ್ನು ಊರಿನ ಪ್ರತಿ ಮಗುವೂ ಕಂಠಪಾಠವಾಗಿ ಬಲ್ಲದು. ಎರಡನೆಯದನ್ನು ಅಜ್ಜ-ಅಜ್ಜಿಯರು ಬಲ್ಲರು, ಕೇಳುವವರು ಕಡಿಮೆ.

ಪ್ರಭಾವ ಉಂಟಾಗುವ ಬಗೆ

ಜನಪ್ರಿಯ ಕಥೆಯೊಂದು ಎಳೆಯರ ಆಯ್ಕೆಯಾಗಿ ಮಾರ್ಪಡುವುದು ಹೇಗೆ? ಅದರಲ್ಲಿ ನಾಲ್ಕು ಹಂತಗಳನ್ನು ಗುರುತಿಸಬಹುದು.

ಮೊದಲನೆಯದು ಅನುಕರಣೆ. ಮನುಷ್ಯನು ನೋಡಿ ಕಲಿಯುವ ಜೀವಿ. ತಾನು ಮೆಚ್ಚಿದವನ ಗುಣವನ್ನು ಮೈಗೂಡಿಸಿಕೊಳ್ಳುವುದು ಕಠಿಣ. ಅವನ ಗಡ್ಡ, ಕೂದಲು, ನಡಿಗೆ, ಮಾತಿನ ಧಾಟಿಯನ್ನು ತನ್ನದಾಗಿಸಿಕೊಳ್ಳುವುದು ಸುಲಭ. ಆದ್ದರಿಂದ ಪ್ರಭಾವ ಮೊದಲು ಹೊರಗೆ ಕಾಣಿಸುತ್ತದೆ. ಕ್ಷೌರದಂಗಡಿಯಲ್ಲಿ ಮೊಬೈಲಿನ ಚಿತ್ರ ತೋರಿಸಿ ಅದೇ ರೀತಿ ಕತ್ತರಿಸಲು ಕೇಳುವ ಹುಡುಗ ಕೆಟ್ಟವನೇನಲ್ಲ. ಅವನು ಹುಡುಕುತ್ತಿರುವುದು ತನಗೊಂದು ಗುರುತನ್ನು.

ಎರಡನೆಯದು ಪುನರಾವರ್ತನೆ. ಹಿಂದೆ ಚಿತ್ರವನ್ನು ಒಮ್ಮೆಯೋ ಎರಡು ಬಾರಿಯೋ ನೋಡಿ ಮನೆಗೆ ಬರುತ್ತಿದ್ದರು. ಈಗ ಮೂರು ಗಂಟೆಯ ಚಿತ್ರ ಮೂವತ್ತು ಸೆಕೆಂಡಿನ ನೂರಾರು ತುಣುಕುಗಳಾಗಿ ಒಡೆದು ದಿನವಿಡೀ ಕಣ್ಣೆದುರು ಸುಳಿಯುತ್ತದೆ. ಒಂದನ್ನು ಪೂರ್ತಿಯಾಗಿ ನೋಡಿದರೆ ಅಂಥವೇ ಹತ್ತನ್ನು ಮೊಬೈಲ್ ತಾನಾಗಿಯೇ ಮುಂದಿಡುತ್ತದೆ. ಈ ಒಡೆಯುವಿಕೆಯಲ್ಲಿ ಕಥೆಯ ತಾಯಿಯ ದುಃಖ, ತಪ್ಪಿನ ಫಲ, ನಾಯಕನ ಅಂತ್ಯ ಎಲ್ಲವೂ ಉದುರಿಹೋಗಿ ಹೊಡೆದಾಟ, ಹೊಗೆ, ಗತ್ತಿನ ಮಾತು ಮಾತ್ರ ಉಳಿಯುತ್ತವೆ. ನಿರ್ದೇಶಕ ಹೇಳಿದ ಕಥೆ ಒಂದು, ಹುಡುಗನ ಮನಸ್ಸಿಗೆ ಇಳಿದ ಕಥೆ ಇನ್ನೊಂದು ಆಗುವುದು ಹೀಗೆ.

ಮೂರನೆಯದು ಗೆಳೆಯರ ಬಳಗ. ಹದಿಹರೆಯದಲ್ಲಿ ತಂದೆತಾಯಿಯ ಮೆಚ್ಚುಗೆಗಿಂತ ಓರಗೆಯವರ ಒಪ್ಪಿಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ. ಒಬ್ಬ ತೊಟ್ಟದ್ದನ್ನು ಐವರು ಮೆಚ್ಚಿದರೆ ಆರನೆಯವನು ಅದನ್ನು ಕೊಳ್ಳದಿರುವುದು ಕಷ್ಟ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಬರಿದಾದ ಜಾಗ. ಗಣಿಗಳಿದ್ದಾಗ ಈ ಊರಿನ ಹುಡುಗನೆದುರು ದಿನವೂ ಕಾಣುವ ಆದರ್ಶಗಳಿದ್ದವು: ಪಾಳಿ ಮುಗಿಸಿ ಬರುವ ತಂದೆ, ಸಂಘದ ಸಭೆಯಲ್ಲಿ ಮಾತನಾಡುವ ನೆರೆಯವ, ಆಟದ ಬಯಲಿನ ಹಿರಿಯ. ಗಣಿ ಮುಚ್ಚಿದಾಗ ಸಂಬಳದ ಜೊತೆಗೆ ಈ ಆದರ್ಶಗಳೂ ಮಸುಕಾದವು. ಗೌರವದ ಕೆಲಸ ಎದುರಿಗಿಲ್ಲದ ಕಡೆ ಗೌರವದ ಕಲ್ಪನೆಯನ್ನು ಪರದೆ ತುಂಬಿಕೊಡುತ್ತದೆ. ಆದ್ದರಿಂದ ಚಿತ್ರ ಹುಡುಗರನ್ನು ಕೆಡಿಸಿತು ಎಂದು ತೀರ್ಪು ನೀಡುವ ಮೊದಲು, ಆ ಜಾಗವನ್ನು ಬರಿದಾಗಿ ಬಿಟ್ಟವರು ಯಾರು ಎಂದು ಹಿರಿಯರು ಕೇಳಿಕೊಳ್ಳಬೇಕು.

ಇದು ಹೊಸ ಸಂಗತಿಯೂ ಅಲ್ಲ. ಚಿತ್ರನಟ ಎಂ.ಜಿ. ರಾಮಚಂದ್ರನ್ 1972ರಲ್ಲಿ ತಮಿಳುನಾಡಿನಲ್ಲಿ ಸ್ಥಾಪಿಸಿದ ಪಕ್ಷದ ಅಭ್ಯರ್ಥಿ ಗಣಿ ಕ್ಷೇತ್ರದಿಂದ ಒಂದಕ್ಕಿಂತ ಹೆಚ್ಚು ಬಾರಿ ಕರ್ನಾಟಕ ವಿಧಾನಸಭೆಗೆ ಆಯ್ಕೆಯಾದುದುಂಟು. ಭಾಷೆ, ನೆನಪು, ಕಾರ್ಮಿಕ ರಾಜಕಾರಣ ಎಲ್ಲವೂ ಅದರ ಹಿಂದಿದ್ದವು. ಬೆಳ್ಳಿತೆರೆಯ ಮೇಲಿನ ಅಭಿಮಾನವೂ ಇತ್ತು.

ನಿತ್ಯದ ಬದುಕಿನಲ್ಲಿ ಕಾಣುವ ಗುರುತುಗಳು

ಕೂದಲು, ಉಡುಪಿನ ಮಾತನ್ನು ಬಿಡೋಣ. ಅವು ಬಂದು ಹೋಗುವಂಥವು. ಆರೋಗ್ಯ, ಹಣ, ದುಡಿಮೆಗೆ ಸಂಬಂಧಿಸಿದ ಆಯ್ಕೆಗಳು ಮಾತ್ರ ಬಹುಕಾಲ ಉಳಿಯುತ್ತವೆ.

ತಂಬಾಕನ್ನು ಗಮನಿಸೋಣ. ಚಿತ್ರಗಳಲ್ಲಿನ ಧೂಮಪಾನದ ದೃಶ್ಯಗಳು ಎಳೆಯರು ಧೂಮಪಾನ ಆರಂಭಿಸಲು ಕಾರಣವಾಗುತ್ತವೆ ಎಂದು ಅಮೆರಿಕದ ಸರ್ಜನ್ ಜನರಲ್ ಅವರ 2012ರ ವರದಿ ಅನೇಕ ಅಧ್ಯಯನಗಳನ್ನು ಪರಿಶೀಲಿಸಿ ತೀರ್ಮಾನಿಸಿತು. ಅದೇ ವರ್ಷದ ಅಕ್ಟೋಬರ್ 2ರಿಂದ ನಮ್ಮ ದೇಶದಲ್ಲಿ ಅಂಥ ದೃಶ್ಯಗಳಿರುವ ಚಿತ್ರಗಳಲ್ಲಿ ಎಚ್ಚರಿಕೆಯ ಸಂದೇಶ ಕಡ್ಡಾಯವಾಯಿತು. ಮೂಲೆಯಲ್ಲಿನ ಸಣ್ಣ ಅಕ್ಷರದ ಎಚ್ಚರಿಕೆ ನಾಯಕನ ಬೆರಳ ನಡುವಿನ ಹೊಗೆಯಷ್ಟು ಆಕರ್ಷಕವಾಗಿರುವುದಿಲ್ಲ. 2022ರ ಮೇ ತಿಂಗಳಲ್ಲಿ ಹೈದರಾಬಾದಿನ 15 ವರ್ಷದ ಬಾಲಕನೊಬ್ಬ ‘ಕೆ.ಜಿ.ಎಫ್’ ಎರಡನೆಯ ಭಾಗದ ನಾಯಕನನ್ನು ಅನುಕರಿಸಿ ಒಂದು ಪ್ಯಾಕ್ ಸಿಗರೇಟು ಸೇದಿ ಅಸ್ವಸ್ಥನಾಗಿ ಆಸ್ಪತ್ರೆ ಸೇರಿದನೆಂದು ಪತ್ರಿಕೆಗಳು ವರದಿ ಮಾಡಿದವು. ಹಿರಿಯರ ಶ್ವಾಸಕೋಶ ಕಲ್ಲಿನ ದೂಳಿನಿಂದ ಜರ್ಝರಿತವಾದ ಊರಿನಲ್ಲಿ, ಕಿರಿಯರು ತಾವಾಗಿಯೇ ಹೊಗೆಯನ್ನು ಎಳೆದುಕೊಳ್ಳುವುದು ಎಂಥ ವಿಪರ್ಯಾಸ! ಅಜ್ಜನಿಗೆ ಆಯ್ಕೆಯಿರಲಿಲ್ಲ, ಮೊಮ್ಮಗನಿಗೆ ಇದೆ.

ಸೈನೈಡ್ ದಿಬ್ಬಗಳ ವಿಷಯವೂ ಹಾಗೆಯೇ. ಅದಿರಿನಿಂದ ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಪುಡಿಯ ರಾಶಿಗಳವು. ಇಂಥ 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಪುಡಿಯಿದೆ. ಗಾಳಿ ಬೀಸಿದಾಗ ಅದರ ದೂಳು ಸುತ್ತಲಿನ ಮನೆ, ಹೊಲಗಳ ಮೇಲೆ ಹರಡುತ್ತದೆಂಬುದು ನಿವಾಸಿಗಳ ದೀರ್ಘಕಾಲದ ಅಳಲು. ಚಿತ್ರಗಳ ಬಳಿಕ ಅವು ಛಾಯಾಚಿತ್ರ, ರೀಲ್ಸ್‌ಗಳ ಹಿನ್ನೆಲೆಯಾಗಿಯೂ ಪ್ರಸಿದ್ಧವಾಗಿವೆ. ಒಂದು ತಲೆಮಾರಿಗೆ ವ್ಯಥೆಯಾದದ್ದು ಮತ್ತೊಂದಕ್ಕೆ ದೃಶ್ಯವಾಗಿದೆ.

ಮದುವೆಗಳನ್ನು ನೋಡಿರಿ. ನಮ್ಮ ಕಡೆಯ ಅರಿಶಿನ ಶಾಸ್ತ್ರ ಮನೆಯ ಹೆಂಗಸರು ಸೇರಿ ಮಾಡುವ ಸರಳ ವಿಧಿಯಾಗಿತ್ತು. ಹಿಂದಿ ಚಿತ್ರ, ಧಾರಾವಾಹಿಗಳ ಪ್ರಭಾವದಿಂದ ಅದೇ ಈಗ ‘ಹಲ್ದಿ’ ಎಂಬ ಹೆಸರಿನಲ್ಲಿ ಪ್ರತ್ಯೇಕ ಮಂಟಪ, ಒಂದೇ ಬಣ್ಣದ ಹೊಸ ಉಡುಪು, ಛಾಯಾಗ್ರಾಹಕರ ತಂಡ ಕೇಳುವ ಸಮಾರಂಭವಾಗಿದೆ. ಅದರೊಡನೆ ಮೆಹೆಂದಿ, ಸಂಗೀತ್, ವಿವಾಹಪೂರ್ವ ಚಿತ್ರೀಕರಣಗಳು ಸೇರಿಕೊಂಡಿವೆ. ಎರಡು ದಿನದ ಈ ಸಂಭ್ರಮದ ಸಾಲವನ್ನು ತಂದೆ ವರ್ಷಗಟ್ಟಲೆ ತೀರಿಸುತ್ತಾನೆ. ಇಲ್ಲಿ ಎಳೆಯರನ್ನು ಮಾತ್ರ ದೂರುವಂತಿಲ್ಲ. ನಾಲ್ಕು ಜನರೆದುರು ಕಡಿಮೆಯಾಗಬಾರದೆಂದು ಹಿರಿಯರೂ ಅಷ್ಟೇ ಹಟ ಹಿಡಿಯುತ್ತಾರೆ.

ಕ್ರಿಕೆಟ್ ಋತುವಿನಲ್ಲಿ ಪ್ರಸಿದ್ಧ ಆಟಗಾರರು, ನಟರು ಹಣ ಕಟ್ಟಿ ಆಡುವ ಆ್ಯಪ್‌ಗಳ ಜಾಹೀರಾತುಗಳಲ್ಲಿ ನಗುತ್ತ ಕಾಣಿಸಿಕೊಳ್ಳುತ್ತಿದ್ದರು. ಅದನ್ನು ನಂಬಿ ದುಡಿಮೆಯ ಹಣ ಕಳೆದುಕೊಂಡವರ ಕುಟುಂಬಗಳ ಗೋಳು ನಾಡಿನ ಎಲ್ಲೆಡೆ ಕೇಳಿಬಂದಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಬೇಕಾಯಿತು. ಕಾನೂನು ಬಾಗಿಲು ಮುಚ್ಚಬಲ್ಲದು. ದುಡಿಯದೆ ಒಮ್ಮೆಲೇ ಸಿರಿವಂತನಾಗುವ ಹಂಬಲವನ್ನು ಅಳಿಸಲಾರದು.

ಎಲ್ಲಕ್ಕಿಂತ ಆಳವಾದ ಗುರುತು ಇರುವುದು ಈ ಹಂಬಲದಲ್ಲಿಯೇ. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಗೋದಾಮು, ಕಾರ್ಖಾನೆ, ಅಂಗಡಿ, ಕಚೇರಿಗಳಲ್ಲಿ ದುಡಿದು ಮನೆ ನಡೆಸುವ ಯುವಕ ತನ್ನ ಕಣ್ಣಿಗೇ ಸಣ್ಣವನಾಗಿ ಕಾಣತೊಡಗಿದರೆ, ತನ್ನ ಕೆಲಸದ ಹೆಸರು ಹೇಳಲು ನಾಚಿದರೆ, ಅದು ಉಡುಪಿನ ಬದಲಾವಣೆಯಂತೆ ಹಗುರವಾದ ವಿಷಯವಲ್ಲ. ಯಾವುದು ದೊಡ್ಡದು, ಯಾವುದು ಸಣ್ಣದು ಎಂದು ಅಳೆಯುವ ಕೋಲೇ ಅಲ್ಲಿ ಬದಲಾಗಿದೆ.

ಒಳಿತಿಗೂ ದಾರಿ

ಹಾಗೆಂದು ಜನಪ್ರಿಯ ಸಂಸ್ಕೃತಿ ಕೆಡುಕಿನ ದಾರಿಯೊಂದನ್ನೇ ತೋರುತ್ತದೆ ಎನ್ನುವುದು ಅನ್ಯಾಯ. 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ಚಿತ್ರವನ್ನು ನೆನೆಯೋಣ. ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯ ನಿರ್ದೇಶಿಸಿದ ಆ ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಬಂಜರು ನೆಲವನ್ನು ಹಸನುಮಾಡುವ ರೈತನಾಗಿ ಕಾಣಿಸಿಕೊಂಡರು. ಅದನ್ನು ನೋಡಿ ಓದಿದ ಅನೇಕ ಯುವಕರು ಹಳ್ಳಿಗೆ ಮರಳಿ ಬೇಸಾಯಕ್ಕೆ ತೊಡಗಿದರೆಂಬ ಮಾತು ಇಂದಿಗೂ ನಾಡಿನಲ್ಲಿ ಪ್ರಚಲಿತ. ಅಲ್ಲಿಯೂ ‘ಬಂಗಾರ’ ಇತ್ತು. ಅದು ಮನುಷ್ಯನ ಗುಣಕ್ಕೆ ಸಂದ ಹೆಸರಾಗಿತ್ತು.

2006ರಲ್ಲಿ ಡಾ. ರಾಜ್‌ಕುಮಾರ್ ಅವರ ನಿಧನಾನಂತರ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅಗಲಿದಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತು. ಆ ಬಳಿಕ ನೇತ್ರದಾನಕ್ಕೆ ಹೆಸರು ನೋಂದಾಯಿಸುವವರ ಸಂಖ್ಯೆ ರಾಜ್ಯದಾದ್ಯಂತ ಒಮ್ಮೆಲೇ ಏರಿತು. ವರ್ಷಗಳ ಪ್ರಚಾರದಿಂದ ಆಗದಿದ್ದುದನ್ನು ಮೆಚ್ಚಿನ ನಟನೊಬ್ಬನ ಒಂದು ನಡೆ ಸಾಧಿಸಿತು. ಅನುಕರಣೆಯ ಶಕ್ತಿ ಒಂದೇ. ಎದುರಿಗಿರುವ ಮಾದರಿ ಯಾವುದೆಂಬುದರ ಮೇಲೆ ಅದರ ಫಲ ನಿಂತಿದೆ.

ಇನ್ನು ಬಂಗಾರಪೇಟೆಯದೇ ಒಂದು ಸಣ್ಣ, ಸಿಹಿಯಾದ ನಿದರ್ಶನವಿದೆ, ಸಿಹಿಗಿಂತ ಖಾರವೆನ್ನಬೇಕು. ಅಲ್ಲಿನ ಪಾನಿಪುರಿಯ ನೀರು ಉಳಿದೆಡೆಯಂತೆ ಹಸಿರಾಗಿರದೆ ತಿಳಿಯಾಗಿರುತ್ತದೆ; ನೋಡಲು ಬರಿಯ ನೀರು, ಬಾಯಿಗಿಟ್ಟರೆ ಹುಳಿ-ಖಾರ. ಗಾಡಿಗಳಲ್ಲಿ ಬೆಳೆದ ಈ ರುಚಿ ಇಂದು ಬೆಂಗಳೂರಿನ ಬಡಾವಣೆಗಳಲ್ಲೆಲ್ಲ ‘ಬಂಗಾರಪೇಟೆ ಪಾನಿಪುರಿ’ ಎಂಬ ಫಲಕದಡಿ ಮಾರಾಟವಾಗುತ್ತದೆ. ಎಷ್ಟೋ ಮಂದಿಗೆ ಸ್ವಂತ ದುಡಿಮೆಯ ಅನ್ನ ನೀಡಿದೆ. ಒಂದೇ ಸೀಮೆಯಿಂದ ಎರಡು ಹೆಸರುಗಳು ನಾಡಿಗೆ ಹರಡಿದವು. ಒಂದನ್ನು ಚಿತ್ರೋದ್ಯಮ ಹರಡಿತು, ಇನ್ನೊಂದನ್ನು ಬೀದಿಬದಿಯ ಕೈಗಳು ಹರಡಿದವು. ಎರಡನೆಯದರ ಬಗೆಗೂ ಎಳೆಯರು ಅಷ್ಟೇ ಹೆಮ್ಮೆಪಡುವಂತಾಗಬೇಕು.

ಶರಣರು ಕೊಟ್ಟ ಅಳತೆಗೋಲು

ಇಲ್ಲಿ ಹನ್ನೆರಡನೆಯ ಶತಮಾನದ ಶರಣರ ನೆನಪು ಸಹಜವಾಗಿಯೇ ಬರುತ್ತದೆ. ಅವರು ಆರಿಸಿಕೊಂಡದ್ದು ಪಂಡಿತರ ಭಾಷೆಯನ್ನಲ್ಲ, ಜನರ ಆಡುಮಾತನ್ನು. ವಚನವೂ ತನ್ನ ಕಾಲದ ಜನಪ್ರಿಯ ಸಂಸ್ಕೃತಿಯೇ ಆಗಿತ್ತು. ಅಂಬಿಗ, ಮಡಿವಾಳ, ಮಾದಾರ, ಹಡಪದ ಎಂಬ ಕಾಯಕದ ಹೆಸರುಗಳನ್ನು ಅವರು ಮರೆಮಾಚದೆ ತಮ್ಮ ಹೆಸರಿನ ಮೊದಲಿಗೇ ಇರಿಸಿಕೊಂಡರು. ದುಡಿಮೆಯ ಹೆಸರು ಹೇಳಲು ನಾಚುವ ಇಂದಿನ ಯುವಕನಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೊಂದಿಲ್ಲ.

ಹೊನ್ನಿನಲ್ಲಿ ದೋಷವಿಲ್ಲ, ಅದಕ್ಕಾಗಿ ಹಂಬಲಿಸುವ ಮನಸ್ಸಿನಲ್ಲಿದೆ ಎಂಬುದು ಅಲ್ಲಮಪ್ರಭುಗಳ ನಿಲುವು. ಅಕ್ಕಿ ಆಯುವ ಕಾಯಕದ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಮಿಕ್ಕದ್ದನ್ನು ಮರಳಿ ಸುರಿದು ಬರುವಂತೆ ಹೇಳಿದವರು ಅವರ ಪತ್ನಿ ಲಕ್ಕಮ್ಮನವರು. ಸಾಕೆಂದು ಹೇಳಬಲ್ಲ ಆ ಬಡ ಹೆಣ್ಣುಮಗಳ ಸಿರಿವಂತಿಕೆಯನ್ನು ಚಿನ್ನದ ಗಣಿಯ ಒಡೆಯನ ಸಿರಿವಂತಿಕೆಯ ಪಕ್ಕದಲ್ಲಿಟ್ಟು ನೋಡುವ ಅವಕಾಶ ನಮ್ಮ ಮಕ್ಕಳಿಗೆ ದೊರೆಯಬೇಕು. ಯಾವುದನ್ನು ಆರಿಸಿಕೊಳ್ಳಬೇಕೆಂಬುದನ್ನು ಅವರೇ ತೀರ್ಮಾನಿಸಲಿ.

ನಾವು ಮಾಡಬಹುದಾದದ್ದು

ನಿಷೇಧದಿಂದ ಪ್ರಯೋಜನವಿಲ್ಲ. ಬೇಡವೆಂದು ಬೈದರೆ ಮಗು ನೋಡುವುದನ್ನು ಬಿಡುವುದಿಲ್ಲ. ನಮ್ಮೊಡನೆ ಮಾತನಾಡುವುದನ್ನು ಬಿಡುತ್ತದೆ. ಬದಲಾಗಿ ಕೆಲವು ಸಣ್ಣ ಕೆಲಸಗಳನ್ನು ಮನೆಮನೆಯಲ್ಲಿ ಕೈಗೊಳ್ಳಬಹುದು.

ಮಕ್ಕಳು ಮೆಚ್ಚಿದ ಚಿತ್ರವನ್ನು ಪಾಲಕರೂ ಜೊತೆಗೆ ಕುಳಿತು ನೋಡಬೇಕು. ಮುಗಿದ ಮೇಲೆ ಉಪದೇಶ ಮಾಡದೆ ಮೂರು ಪ್ರಶ್ನೆಗಳನ್ನು ಕೇಳಬಹುದು: ಈ ಕಥೆಯಲ್ಲಿ ದುಡಿದವರು ಯಾರು? ಅವರಿಗೆ ಕೊನೆಗೆ ಏನು ದೊರೆಯಿತು? ನಾಯಕನು ನಮ್ಮ ಬೀದಿಯಲ್ಲಿ ವಾಸವಾಗಿದ್ದರೆ ನಾವು ನೆಮ್ಮದಿಯಿಂದ ಇರುತ್ತಿದ್ದೆವೆ? ಪ್ರಶ್ನೆ ಕೇಳಲು ಕಲಿತ ಮಗು ಮುಂದೆ ಜಾಹೀರಾತನ್ನೂ ಭಾಷಣವನ್ನೂ ಹಾಗೆಯೇ ಪರೀಕ್ಷಿಸುತ್ತದೆ. ಚಿತ್ರಗಳ ಪ್ರಮಾಣಪತ್ರವನ್ನೂ ಗಮನಿಸಬೇಕು. 2023ರ ತಿದ್ದುಪಡಿಯ ಬಳಿಕ ‘ಯು/ಎ’ ವರ್ಗವನ್ನು 7, 13 ಹಾಗೂ 16 ವರ್ಷಗಳ ವಯೋಮಾನಕ್ಕೆ ತಕ್ಕಂತೆ ಮೂರಾಗಿ ವಿಂಗಡಿಸಲಾಗಿದೆ. ಅದು ಪಾಲಕರಿಗೆಂದೇ ಇರುವ ಸೂಚನೆ.

ಮನೆಯ ಹಿರಿಯರ ದುಡಿಮೆಯ ಕಥೆಯನ್ನು ಮಕ್ಕಳೇ ಮೊಬೈಲಿನಲ್ಲಿ ದಾಖಲಿಸಲಿ. ಗಣಿಯಲ್ಲಿ ಇಳಿದವರು, ರೈಲ್ವೆಯಲ್ಲಿ ದುಡಿದವರು, ರೇಷ್ಮೆ ಬೆಳೆದವರು, ಹೈನುಗಾರಿಕೆ ಮಾಡಿದವರು ಕೋಲಾರ ಸೀಮೆಯ ಪ್ರತಿ ಊರಿನಲ್ಲಿದ್ದಾರೆ. ಗಣಿ ಮುಚ್ಚಿ ಎರಡೂವರೆ ದಶಕಗಳು ಸಂದಿವೆ. ಆಳಕ್ಕೆ ಇಳಿದು ಬಂದ ಕೊನೆಯ ಪೀಳಿಗೆ ಮುಪ್ಪಿನಲ್ಲಿದೆ. ಅವರ ನೆನಪುಗಳನ್ನು ಈಗ ಕೇಳಿಸಿಕೊಳ್ಳದಿದ್ದರೆ ಮುಂದಿನವರಿಗೆ ಚಲನಚಿತ್ರವೊಂದೇ ಇತಿಹಾಸವಾಗಿ ಉಳಿಯುತ್ತದೆ. ರೀಲ್ಸ್ ಮಾಡುವ ಅದೇ ಕೈ, ಅದೇ ಮೊಬೈಲ್ ಈ ಕೆಲಸಕ್ಕೂ ಸಾಕು.

ಮಠ-ಮಾನ್ಯಗಳ, ಸಂಘ-ಸಂಸ್ಥೆಗಳ ಸಮಾರಂಭಗಳಲ್ಲಿ ಗಣ್ಯರ ಸಾಲಿನಲ್ಲಿ ಒಬ್ಬ ನಿವೃತ್ತ ಗಣಿ ಕಾರ್ಮಿಕನಿಗೆ, ಪೌರಕಾರ್ಮಿಕ ತಾಯಿಗೆ, ಗಾಡಿಯಲ್ಲಿ ತಿನಿಸು ಮಾರಿ ಮಕ್ಕಳನ್ನು ಓದಿಸಿದ ಗೃಹಸ್ಥನಿಗೆ ಶಾಲು ಹೊದಿಸಿ ಗೌರವಿಸಲಿ. ಎಳೆಯರು ಯಾರಿಗೆ ಚಪ್ಪಾಳೆ ಬೀಳುತ್ತದೆ ಎಂಬುದನ್ನು ಸೂಕ್ಷ್ಮವಾಗಿ ಗಮನಿಸುತ್ತಾರೆ. ಮದುವೆಗಳನ್ನು ಸರಳವಾಗಿ ನಡೆಸುವ ಕುಟುಂಬವನ್ನು ಬಡವರೆಂದು ಮರುಕದಿಂದ ನೋಡದೆ ವಿವೇಕಿಗಳೆಂದು ಮೆಚ್ಚುವುದನ್ನು ಹಿರಿಯರು ಮೊದಲು ರೂಢಿಸಿಕೊಳ್ಳಬೇಕು. ಹಣವಂತನಿಗೆ ಮುಂದಿನ ಸಾಲಿನ ಕುರ್ಚಿಯನ್ನೂ ದುಡಿಯುವವನಿಗೆ ಹಿಂದಿನ ಬೆಂಚನ್ನೂ ನಾವೇ ಹಾಕಿಕೊಟ್ಟು, ಮಕ್ಕಳು ಹಣವನ್ನೇ ಹಿಂಬಾಲಿಸುತ್ತಾರೆಂದು ಕೊರಗಿದರೆ ಅದಕ್ಕೆ ಚಿತ್ರರಂಗ ಹೊಣೆಯಾಗಲಾರದು.

ಊರಿಗೊಂದು ಗ್ರಂಥಾಲಯ, ಆಟದ ಬಯಲು, ಸಂಜೆ ಹೊತ್ತು ಸೇರಲೊಂದು ತಾಣ ಇರುವಂತೆ ನೋಡಿಕೊಳ್ಳುವುದೂ ಇದೇ ಕಾರ್ಯದ ಭಾಗ. ಬರಿದಾದ ಜಾಗ ತುಂಬಿದರೆ ಪರದೆಯ ಹಿಡಿತ ತಾನಾಗಿ ಸಡಿಲಗೊಳ್ಳುತ್ತದೆ.

ಮಾರಿಕುಪ್ಪಂನಿಂದ ನಸುಕಿಗೆ ಹೊರಡುವ ರೈಲು ನಾಳೆಯೂ ಹೊರಡುತ್ತದೆ. ಅದರಲ್ಲಿ ಕುಳಿತ ಯುವಕನ ಮೊಬೈಲಿನಲ್ಲಿ ಅವನ ಮೆಚ್ಚಿನ ನಾಯಕನ ದೃಶ್ಯವೂ ಇರಲಿ. ಅದರ ಜೊತೆಗೆ, 3 ಕಿಲೋಮೀಟರ್ ಆಳದ ಕತ್ತಲೆಗೆ ಇಳಿದು ಪ್ರತಿದಿನ ಮನೆಗೆ ಅನ್ನ ತಂದ ತನ್ನ ಅಜ್ಜನ ಧ್ವನಿಯೂ ಇದ್ದರೆ, ತಾನು ದುಡಿದು ತರುವ ಸಂಬಳಕ್ಕೆ ಅವನು ನಾಚಬೇಕಾಗಿಲ್ಲ.